ಟ್ಯಾಬ್ ನಡೆಯುವ ದಾರಿ

ಕಾಗದದ ಮೇಲಿನ ಅಕ್ಷರ ತಮ್ಮ ಹೆಂಡತಿಯದು ಎಂದು ಗುರುತಿಸಲು ಮೇಷ್ಟ್ರು ಎರಡನೇ ಸಲ ನೋಡಬೇಕಾಗಲಿಲ್ಲ. ತಲೆಕಟ್ಟನ್ನು ಓರೆ ಟೋಪಿಯ ಹಾಗೆ ಇಡುವುದು, ಸಾಲು ಮುಗಿಯುತ್ತ ಬಂದ ಹಾಗೆ ಅಕ್ಷರಗಳು ಮೇಲಕ್ಕೆ ಹತ್ತುವುದು, ಇದನ್ನೆಲ್ಲ ಅವರು ಇಪ್ಪತ್ತೆರಡು ವರ್ಷದಿಂದ ಮನೆಯ ಸಾಮಾನಿನ ಚೀಟಿಗಳಲ್ಲಿ ನೋಡುತ್ತ ಬಂದಿದ್ದರು. ಸ್ಟೇಪ್ಲರ್ ಕೇಳಲೆಂದು ಆಫೀಸಿನ ಹೊಸಬನ ಮೇಜಿನ ಹತ್ತಿರ ಹೋಗಿದ್ದರು. ಹೊಸಬ ಕುರ್ಚಿಯಲ್ಲಿರಲಿಲ್ಲ. ಚಹಾ ಲೋಟದ ಕೆಳಗೆ ನಾಲ್ಕು ಹಾಳೆಗಳಿದ್ದವು, ಎರಡೂ ಮಗ್ಗುಲು ತುಂಬ ಬರೆದವು.

ಮೊದಲನೆಯ ದೂರು ಹೀಗಿತ್ತು: "ಹುಡುಕು ಒತ್ತಿದರೆ ಪರದೆ ಬೆಳ್ಳಗಾಗಿ ಪ್ರಾಣ ಹೋದ ಹಾಗೆ ಕೂರುತ್ತದೆ. ಎದುರಿಗಿದ್ದವರಿಗೆ ಏನು ಹೇಳುವುದೋ ತಿಳಿಯದೆ ನಾನು ಪೆನ್ನು ಹುಡುಕುವ ನಾಟಕ ಮಾಡುತ್ತೇನೆ." ನಾಲ್ಕನೆಯದು: "ಉಳಿಸು ಎಂಬ ಗುಂಡಿ ಹೊಸ ಮಾನಿಟರಿನಲ್ಲಿ ಅರ್ಧವೇ ಕಾಣುತ್ತದೆ. ಮೇಲಿನ ಅರ್ಧ ಒತ್ತಬೇಕು ಎಂದು ಹೊಸದಾಗಿ ಬಂದವರಿಗೆಲ್ಲ ನಾನೇ ಹೇಳಿಕೊಡುತ್ತೇನೆ." ಒಂಬತ್ತನೆಯದು: "ತಪ್ಪು ನಮೂದು ಎಂದು ಕೆಂಪು ಅಕ್ಷರ ಬರುತ್ತದೆ. ಯಾವುದು ತಪ್ಪು ಅಂತ ಹೇಳುವುದಿಲ್ಲ. ಸುಮ್ಮನೆ ಮುಖ ಕೆಂಪಗೆ ಮಾಡಿಕೊಂಡರೆ ನಮಗೆ ಹೇಗೆ ಗೊತ್ತಾಗಬೇಕು?" ಹೀಗೆ ಒಟ್ಟು ಇಪ್ಪತ್ತಮೂರು. ಮೇಷ್ಟ್ರು ಸ್ಟೇಪ್ಲರ್ ಮರೆತು ತಮ್ಮ ಜಾಗಕ್ಕೆ ಬಂದು ಕೂತರು.

ಮೇಷ್ಟ್ರು ಯಾವ ಶಾಲೆಯಲ್ಲೂ ಪಾಠ ಹೇಳಿದವರಲ್ಲ. ಕನ್ನಡಿ ಕತ್ತರಿಸುವ ಅಂಗಡಿಯ ಮೇಲಿನ ಮಹಡಿಯಲ್ಲಿ, ಮೂರು ಕೋಣೆಗಳಲ್ಲಿ ಐದು ಜನ ಕೂತು ಆಸ್ಪತ್ರೆಗಳಿಗೆ ಕಂಪ್ಯೂಟರ್ ಪ್ರೋಗ್ರಾಮ್ ಮಾಡಿಕೊಡುವ ಕಂಪನಿ ಅದು. ಅಲ್ಲಿಗೆ ಬಂದವರಿಗೆಲ್ಲ ಪರದೆಯ ಮೇಲೆ ಪೆಟ್ಟಿಗೆ ಎಲ್ಲಿಡಬೇಕು, ಗುಂಡಿ ಎಲ್ಲಿಡಬೇಕು ಎಂದು ಮೊದಲ ದಿನ ಹೇಳಿಕೊಟ್ಟವರು ಇವರೇ, ಹಾಗಾಗಿ ಆ ಹೆಸರು ಅಂಟಿಕೊಂಡಿತ್ತು. ಕಣ್ಣಿನ ಆಸ್ಪತ್ರೆಯ ನೋಂದಣಿ ಪ್ರೋಗ್ರಾಮು ಅವರ ಚೊಚ್ಚಲ ಕೂಸು. ಹನ್ನೊಂದು ವರ್ಷದ ಹಿಂದೆ ಒಬ್ಬರೇ ಕೂತು ಮಾಡಿದ್ದು. ಆ ಗಿರಾಕಿ ಸಿಕ್ಕಿದ್ದೂ ಹೆಂಡತಿಯ ದೆಸೆಯಿಂದಲೇ. ಅವಳು ಆ ಆಸ್ಪತ್ರೆಯ ಮರುಭೇಟಿ ಕೌಂಟರಿನಲ್ಲಿ ಕೂರುತ್ತಾಳೆ, ಒಂದು ಕಣ್ಣಿನ ಆಪರೇಷನ್ ಆಗಿ ಮತ್ತೆ ತೋರಿಸಲು ಬರುವವರ ವಿವರ ಬರೆದುಕೊಂಡು ಚೀಟಿ ಕೊಡುವ ಕೌಂಟರು.

ಪ್ರೋಗ್ರಾಮು ಹಳತಾಯಿತು, ಬೇರೆ ಕಡೆ ನೋಡುತ್ತೇವೆ ಎಂದು ಆಸ್ಪತ್ರೆಯವರು ಕಾಗದ ಬರೆದಾಗ ಮಾಲೀಕರು ಮೇಷ್ಟ್ರನ್ನು ಕಳಿಸಲಿಲ್ಲ, ನಾಲ್ಕು ತಿಂಗಳ ಹಿಂದೆ ಬಂದ ಹೊಸಬನನ್ನು ಕಳಿಸಿದರು. "ನಿಮಗೆ ಅದರ ಮೇಲೆ ಮಮತೆ ಜಾಸ್ತಿ ಮೇಷ್ಟ್ರೇ, ದೋಷ ಕಾಣಲ್ಲ," ಎಂದು ನಕ್ಕಿದ್ದರು. ಅದನ್ನು ಮೇಷ್ಟ್ರು ನುಂಗಿಕೊಂಡಿದ್ದರು. ಪ್ರೋಗ್ರಾಮಿನಲ್ಲಿ ದೋಷವಿದೆ ಎಂಬುದು ಅವರಿಗೆ ತಿಳಿಯದ್ದೇನಲ್ಲ. ಈಗ ಹೊಟ್ಟೆಗೆ ಬೆಂಕಿ ಬಿದ್ದದ್ದು ಬೇರೆ ಕಾರಣಕ್ಕೆ. ಇಪ್ಪತ್ತೆರಡು ವರ್ಷ ಒಂದೇ ಸೂರಿನಡಿ ಇದ್ದವಳು ತಮ್ಮ ಹತ್ತಿರ ಒಂದು ದೂರೂ ಹೇಳದೆ, ಎರಡು ದಿನದ ಪರಿಚಯದವನಿಗೆ ಇಪ್ಪತ್ತಮೂರು ಹೇಳಿದ್ದಳು. ಅದೂ ಎಷ್ಟು ಸಲೀಸಾಗಿ, ಎಷ್ಟು ನಗೆಚಾಟಿಕೆಯಲ್ಲಿ. ಬೇರೆ ಗಂಡಸಿಗೆ ಹೆಂಡತಿ ಹೂವು ಕೊಟ್ಟಿದ್ದರೆ ಜಗಳವನ್ನಾದರೂ ಆಡಬಹುದಿತ್ತು. ಬೈಗುಳ ಕೊಟ್ಟಿದ್ದಾಳೆಂದು ಯಾರ ಮುಂದೆ ಹೇಳಿಕೊಳ್ಳುವುದು?

ಹೊಸಬ ಬಂದ. ವಯಸ್ಸು ನಲವತ್ತು ದಾಟಿದ, ತಿಳಿನೀಲಿ ಅಂಗಿಗಳನ್ನಷ್ಟೇ ಹಾಕುವ, ಮೆತ್ತಗೆ ಮಾತಾಡುವ ಮನುಷ್ಯ. "ಏನಾದ್ರೂ ಬೇಕಿತ್ತಾ ಸರ್?" ಎಂದ.

"ಏನಿಲ್ಲ," ಎಂದರು ಮೇಷ್ಟ್ರು.

ಸಂಜೆ ಮನೆಗೆ ಹೋದಾಗ ಹೆಂಡತಿ ಅಡುಗೆಮನೆಯಲ್ಲಿ ತರಕಾರಿ ಹೆಚ್ಚುತ್ತಿದ್ದಳು. ಅತ್ತೆ ಕಪ್ಪು ಕನ್ನಡಕ ಹಾಕಿಕೊಂಡು ಕಿಟಕಿಯ ಪಕ್ಕ ಕೂತಿದ್ದರು. ಅವರ ಬಲಗಣ್ಣಿಗೆ ಆರು ತಿಂಗಳ ಹಿಂದೆ ಆಪರೇಷನ್ ಆಗಿತ್ತು, ಎಡಗಣ್ಣು ಈಗ ಸರದಿಯಲ್ಲಿತ್ತು.

"ಇವತ್ತೂ ಬಂದಿದ್ರಾ ನಿಮ್ಮ ಹೊಸಬರು?" ಮೇಷ್ಟ್ರು ಚಪ್ಪಲಿ ಬಿಡುತ್ತ ಕೇಳಿದರು.

"ನಮ್ಮೋರೆಲ್ಲಿ ಆದ್ರು, ನಿಮ್ಮ ಆಫೀಸಿನೋರು. ಸೋಮವಾರ ಮಂಗಳವಾರ ಎರಡೇ ದಿನ ಬಂದಿದ್ದು. ಸ್ಟೂಲ್ ಎಳ್ಕೊಂಡು ಪಕ್ಕದಲ್ಲಿ ಕೂತ್ರು, ಮಧ್ಯಾಹ್ನದ ತನಕ ಪಿಟಿಕ್ ಅನ್ನಲಿಲ್ಲ. ಆಮೇಲೆ ನಾನೇ ಏನೋ ಒಂದು ಹೇಳಿದೆ. 'ಹ್ಞೂಂ ಅಕ್ಕ, ಆಮೇಲೆ?' ಅಂದ್ರು. ಅಷ್ಟೇ ನೋಡಿ, ಹನ್ನೊಂದು ವರ್ಷದ್ದೆಲ್ಲ ಬಾಯಿಗೆ ಬಂದ್ಬಿಡ್ತು."

"ನನ್ನ ಮುಂದೆ ಒಂದೂ ಬರಲಿಲ್ಲವಲ್ಲ."

ಚಾಕು ನಿಂತಿತು. "ಬಂದಿತ್ತು. ಶುರುವಿನಲ್ಲಿ ಒಂದ್ಸಲ ಹೇಳಿದ್ದೆ, ಉಳಿಸು ಒತ್ತಿದ್ರೆ ಒಬ್ಬರೇ ಎರಡು ಸಲ ಸೇರ್ಕೋತಾರೆ ಅಂತ. ನೀವೇನಂದ್ರಿ?"

ಮೇಷ್ಟ್ರಿಗೆ ನೆನಪಿತ್ತು. ನೆನಪಿಲ್ಲದವರ ಹಾಗೆ ಹುಬ್ಬು ಗಂಟಿಕ್ಕಿದರು.

"'ನೀನ್ಯಾಕೆ ಎರಡು ಸಲ ಒತ್ತುತ್ತೀಯ' ಅಂದ್ರಿ. ಅದಾದ್ಮೇಲೆ ಎರಡು ದಿನ ಮುಖ ಊದಿಸ್ಕೊಂಡು ಊಟ ಮಾಡಿದ್ರಿ. ಅವತ್ತಿಂದ ನಾನು ಒಂದೇ ಸಲ ಒತ್ತೋದು ಕಲಿತ್ಕೊಂಡೆ. ಮಿಕ್ಕಿದ್ದೆಲ್ಲ ಹೇಳಿ ಯಾಕೆ ಮನೇಲಿ ರಾಮಾಯಣ ಅಂತ ಸುಮ್ಮನಾದೆ."

"ಹೆತ್ತೋರಿಗೆ ಹೆಗ್ಗಣ ಮುದ್ದು," ಎಂದರು ಅತ್ತೆ ಕಿಟಕಿಯತ್ತಲೇ ಮುಖ ಮಾಡಿ. "ನೀನು ತರಕಾರಿ ಹೆಚ್ಚೇ ಸುಮ್ನೆ."

ಹೆಂಡತಿ ಕೈ ತೊಳೆದು ಔಷಧಿಯ ಶೀಶೆ ತಂದಳು. ತಾಯಿಯ ಗಲ್ಲ ಎತ್ತಿ ಹಿಡಿದು, ಕೌಂಟರಿನ ದನಿಯಲ್ಲೇ ಕೇಳಿದಳು: "ಆಪರೇಷನ್ ಆದ ಕಣ್ಣು?"

"ಬಲ."

"ಈಗ ತೊಂದರೆ ಇರೋದು?"

"ಎಡ. ದಿನಾ ಅದೇ ಕೇಳ್ತೀಯಲ್ಲೇ, ನಿನ್ನ ತಾಯಿ ಕಣ್ಣು ರಾತ್ರಿ ಜಾಗ ಬದಲಾಯಿಸುತ್ತಾ?"

"ಬಾಯಿಗೆ ರೂಢಿಯಾಗ್ಬಿಟ್ಟಿದೆ ಅಮ್ಮ. ಸುಮ್ಮನೆ ಕೂತ್ಕೊ."

ಈ ಪ್ರಶ್ನೋತ್ತರ ಕೇಳಿದಾಗಲೆಲ್ಲ ಮೇಷ್ಟ್ರಿಗೆ ಒಳಗೊಳಗೇ ಒಂದು ಸುಖ ಆಗುತ್ತಿತ್ತು. ಅದರ ಗುಟ್ಟು ಅವರಿಗೊಬ್ಬರಿಗೇ ಗೊತ್ತು. ಮರುಭೇಟಿಯ ಪರದೆಯಲ್ಲಿ ತೊಂದರೆಯ ಕಣ್ಣು ಎಂಬ ಪೆಟ್ಟಿಗೆ ಮೇಲಿದೆ, ಆಪರೇಷನ್ ಆದ ಕಣ್ಣು ಎಂಬುದು ಅದರ ಕೆಳಗೆ. ಆದರೆ ಕೀಬೋರ್ಡಿನಲ್ಲಿ ಟ್ಯಾಬ್ ಎಂಬ ಕೀಲಿ ಒತ್ತಿದರೆ ಮೊದಲು ಹೋಗುವುದು ಕೆಳಗಿನದಕ್ಕೆ, ಆಮೇಲೆ ಮೇಲಿನದಕ್ಕೆ. ಯಾಕೆಂದರೆ ಮೇಲಿನ ಪೆಟ್ಟಿಗೆಯನ್ನು ಡಾಕ್ಟರು ಆಮೇಲೆ ಕೇಳಿದ್ದು, ಮೇಷ್ಟ್ರು ಆಮೇಲೆ ಸೇರಿಸಿದ್ದು. ಪೆಟ್ಟಿಗೆಗಳು ಎಲ್ಲಿ ಕೂತಿವೆ ಎಂಬುದನ್ನು ಟ್ಯಾಬ್ ನೋಡುವುದಿಲ್ಲ, ಯಾವುದು ಮೊದಲು ಹುಟ್ಟಿತು ಎಂಬುದನ್ನೇ ನೋಡುತ್ತದೆ. ನಾವೇ ಕೂತು ಕ್ರಮ ತಿದ್ದಬೇಕು. ಮೇಷ್ಟ್ರು ಅಂದು ತಿದ್ದಲಿಲ್ಲ, ನಾಳೆ ಎಂದರು, ಆ ನಾಳೆಗೆ ಹನ್ನೊಂದು ವರ್ಷವಾಯಿತು. ಅಷ್ಟರಲ್ಲಿ ಹೆಂಡತಿಯ ಬೆರಳು ಆ ದಾರಿ ಕಲಿತಿತ್ತು, ಬೆರಳಿನಿಂದ ಬಾಯಿ ಕಲಿತಿತ್ತು. ಅವಳು ಪರದೆ ನೋಡುವವಳೇ ಅಲ್ಲ. ಎದುರಿಗೆ ಬಂದವರಿಗೆ ಕಣ್ಣು ಮಂಜು, ಅವರ ಮುಖ ನಾವಾದರೂ ನೋಡಿ ಮಾತಾಡಬೇಕು ಎನ್ನುವವಳು. ಬಲಕ್ಕೆ ಒಂದು, ಎಡಕ್ಕೆ ಎರಡು, ಎರಡೂ ಕಣ್ಣಿಗೆ ಮೂರು. ಅಂಕಿ ಒತ್ತಿ, ಟ್ಯಾಬ್ ಒತ್ತಿ, ಅಂಕಿ ಒತ್ತಿ ಚೀಟಿ ಹರಿದು ಕೊಡುತ್ತಾಳೆ.

ತಮ್ಮ ಸೋಮಾರಿತನ ಹೆಂಡತಿಯ ನಾಲಿಗೆಯ ಮೇಲೆ ಹೀಗೆ ಮನೆ ಮಾಡಿದೆಯಲ್ಲ ಎಂದು ಮೇಷ್ಟ್ರಿಗೆ ಹೆಮ್ಮೆ. ಇದು ಹೆಮ್ಮೆ ಪಡುವ ವಿಷಯವೇ ಎಂದು ಕೇಳಬೇಡಿ. ಬೇರೆ ಏನೂ ಸಿಗದಿದ್ದಾಗ ಮನುಷ್ಯ ಇಂಥದ್ದನ್ನೂ ಗಂಟು ಕಟ್ಟಿಟ್ಟುಕೊಳ್ಳುತ್ತಾನೆ.

ಹದಿನೈದು ದಿನದಲ್ಲಿ ಹೊಸಬ ಇಪ್ಪತ್ತಮೂರನ್ನೂ ತೀರಿಸಿದ. ಹುಡುಕುವಾಗ ಪರದೆ ಸಾಯುವುದು ಯಾಕೆಂದರೆ, ಪರದೆ ತೋರಿಸುವ ಭಾಗವೇ ಹುಡುಕುವ ಕೆಲಸವನ್ನೂ ಮಾಡುತ್ತಿತ್ತು, ಹೋಟೆಲಿನ ಹಾಗೆ ಹೇಳುವುದಾದರೆ ಬಾಗಿಲಲ್ಲಿ ನಿಂತು ಬಂದವರನ್ನು ಮಾತಾಡಿಸುವವನೇ ಒಳಗೆ ಹೋಗಿ ಅಡುಗೆಯನ್ನೂ ಮಾಡುತ್ತಿದ್ದ. ಅವನು ಒಲೆಯ ಮುಂದಿರುವಷ್ಟು ಹೊತ್ತು ಬಾಗಿಲಲ್ಲಿ ಯಾರೂ ಇಲ್ಲ. ಹೊಸಬ ಒಲೆಗೆ ಬೇರೆ ಆಳು ಇಟ್ಟ. ಗುಂಡಿಗಳನ್ನು ಮಾನಿಟರಿನ ಅಳತೆಗೆ ತಕ್ಕ ಹಾಗೆ ತಾವೇ ಸರಿದುಕೊಳ್ಳುವಂತೆ ಮಾಡಿದ. ಉಳಿಸು ಎಂದು ಒಮ್ಮೆ ಒತ್ತಿದರೆ ಕೆಲಸ ಮುಗಿಯುವ ತನಕ ಆ ಗುಂಡಿ ಮಂಕಾಗಿ ಕೂರುವಂತೆ ಮಾಡಿದ. ಕೆಂಪು ಅಕ್ಷರದ ಬದಲು, ತಪ್ಪಿದ ಪೆಟ್ಟಿಗೆಯ ಪಕ್ಕದಲ್ಲೇ 'ಇಲ್ಲಿ ವಯಸ್ಸು ಬರೆಯಿರಿ' ಎಂದು ಬರುವಂತೆ ಮಾಡಿದ. ಮೇಷ್ಟ್ರಿಗೆ ಗೊತ್ತಿಲ್ಲದ ವಿದ್ಯೆ ಇದರಲ್ಲಿ ಒಂದೂ ಇರಲಿಲ್ಲ. ಹಾಗಾಗಿಯೇ ಮೈ ಪರಚಿಕೊಳ್ಳುವಷ್ಟು ಸಂಕಟವಾಯಿತು.

ಹೊಸ ಆವೃತ್ತಿ ಹೊರಗೆ ಹೋಗುವ ಮೊದಲು ಇನ್ನೊಬ್ಬರು ಪೂರ್ತಿ ನೋಡಿ, ಕೆಳಗೆ 'ನೋಡಿದ್ದೇನೆ' ಎಂದು ಬರೆದು ಸಹಿ ಹಾಕಬೇಕು. ಕಂಪನಿಗೆ ಈ ಪದ್ಧತಿ ತಂದವರು ಮೇಷ್ಟ್ರೇ. ಮಾಲೀಕರು ಅವರನ್ನೇ ಕರೆದು ಹೇಳಿದರು. ಮೇಷ್ಟ್ರು ಬೆಳಗಿನಿಂದ ಕೂತು ಒಂದೊಂದಾಗಿ ನೋಡುತ್ತ ಬಂದರು, ಎಲ್ಲಾದರೂ ಒಂದು ಹುಳುಕು ಸಿಕ್ಕೀತೆಂದು. ಹದಿನೇಳನೆಯದಕ್ಕೆ ಬಂದಾಗ ಕೈ ನಿಂತಿತು. ಹೆಂಡತಿ ಬರೆದದ್ದು ಇಷ್ಟೆ: "ಫೋನ್ ನಂಬರ್ ಆದಮೇಲೆ ಟ್ಯಾಬ್ ಒತ್ತಿದರೆ ಪ್ರಿಂಟ್ ಗುಂಡಿಗೆ ಹಾರುತ್ತದೆ." ಹೊಸಬ ಅದೊಂದನ್ನು ತಿದ್ದಿ ಸುಮ್ಮನಾಗಿರಲಿಲ್ಲ. ಎಲ್ಲ ಪರದೆಗಳಲ್ಲೂ ಟ್ಯಾಬ್ ಮೇಲಿನಿಂದ ಕೆಳಕ್ಕೆ, ಕಣ್ಣಿಗೆ ಕಾಣುವ ಕ್ರಮದಲ್ಲೇ ಹೋಗುವಂತೆ ಒಪ್ಪವಾಗಿ ಜೋಡಿಸಿದ್ದ. ಪುಸ್ತಕದಲ್ಲಿ ಹೇಳುವುದೂ ಹಾಗೆಯೇ.

ಇನ್ನು ಮೇಲೆ ಅವಳು ಆಪರೇಷನ್ ಆದ ಕಣ್ಣೆಂದು ಒತ್ತುವ ಅಂಕಿ ತೊಂದರೆಯ ಪೆಟ್ಟಿಗೆಗೆ ಬೀಳುತ್ತದೆ, ತೊಂದರೆಯದು ಆಪರೇಷನ್ನಿನದಕ್ಕೆ. ಮೇಷ್ಟ್ರಿಗೆ ಇದು ಹೊಳೆಯಲು ಒಂದು ಕ್ಷಣವೂ ಬೇಕಾಗಲಿಲ್ಲ. ಹೊಸಬನಿಗೆ ಹೊಳೆದಿರಲಿಲ್ಲ. ಎರಡು ದಿನ ಪಕ್ಕದಲ್ಲಿ ಕೂತು ಅವಳ ಬಾಯಿಂದ ಬಂದದ್ದನ್ನೆಲ್ಲ ಅವಳ ಕೈಯಲ್ಲೇ ಬರೆಸಿಕೊಂಡಿದ್ದ. ಅವಳ ಬೆರಳಿಗೆ ಮಾತ್ರ ಗೊತ್ತಿದ್ದದ್ದು ಅವಳ ಬಾಯಿಗೇ ಬಂದಿರಲಿಲ್ಲ. 'ಹ್ಞೂಂ ಅಕ್ಕ, ಆಮೇಲೆ' ಎಂದವನಿಗೆ ಸಿಗದ ಒಂದು ಸಂಗತಿ ತಮ್ಮಲ್ಲಿದೆ ಎಂದು ಮೇಷ್ಟ್ರಿಗೆ ಖುಷಿಯಾಯಿತು. ಎದ್ದು ಹೋಗಿ ಹೇಳಿದ್ದರೆ ಎರಡು ನಿಮಿಷದ ಮಾತು. ಅವರು ಏಳಲಿಲ್ಲ. ನಾಲ್ಕು ಚೀಟಿ ತಿರುವುಮುರುವಾಗಲಿ, ಆಸ್ಪತ್ರೆಯವರು ಹೊಸಬನಿಗೆ ಫೋನ್ ಮಾಡಿ ಬೈಯಲಿ, ಅವಳೂ ನೋಡಲಿ ತನ್ನ ಜಾಣ ಎಷ್ಟು ಜಾಣ ಎಂದು. ಇಷ್ಟೇ ಅವರು ಯೋಚಿಸಿದ್ದು. 'ನೋಡಿದ್ದೇನೆ' ಎಂದು ಬರೆದು ಸಹಿ ಹಾಕಿ ಊಟಕ್ಕೆ ಎದ್ದರು.

ಸೋಮವಾರ ಹೊಸ ಪ್ರೋಗ್ರಾಮು ಕೌಂಟರಿಗೆ ಬಂತು. ಹೆಂಡತಿ ಸಂಜೆ ಮನೆಗೆ ಬಂದಾಗ ಮುಖ ಅರಳಿತ್ತು. "ಹುಡುಕು ಅಂದ್ರೆ ಸಾಕು ರೀ, ಹೆಸರು ಎದುರಿಗೇ ನಿಂತಿರುತ್ತೆ. ಪೆನ್ನು ಹುಡುಕೋ ನಾಟಕ ಮುಗೀತು," ಎಂದಳು. ಮಂಗಳವಾರವೂ ಹೊಗಳಿದಳು, ಬುಧವಾರವೂ. ಮೇಷ್ಟ್ರು ಹ್ಞೂಂಗುಡುತ್ತ ಫೋನ್ ಯಾವಾಗ ಬರುತ್ತದೆ ಎಂದು ಕಾಯುತ್ತಿದ್ದರು. ಬಹಳ ಜನ ಆಪರೇಷನ್ ಆದ ಕಣ್ಣನ್ನೇ ತೋರಿಸಲು ಬರುತ್ತಾರೆ, ಅವರದ್ದು ಎರಡೂ ಪೆಟ್ಟಿಗೆಯಲ್ಲಿ ಒಂದೇ ಅಂಕಿ, ತಿರುಗಿಸಿದರೂ ಒಂದೇ. ಎರಡನೇ ಕಣ್ಣು ತೋರಿಸಲು ಬಂದವರದ್ದು ಮಾತ್ರ ಉಲ್ಟಾ ಆಗುತ್ತಿತ್ತು. ಚೀಟಿ ನೋಡಿ ನರ್ಸು ಕಣ್ಣಿಗೆ ಹನಿ ಹಾಕುತ್ತಿದ್ದಳು, ಆಸ್ಪತ್ರೆಯವರಿಗೇ ಗೊತ್ತಿರಬೇಕೆಂದು ರೋಗಿಗಳೂ ಸುಮ್ಮನೆ ಹಾಕಿಸಿಕೊಳ್ಳುತ್ತಿದ್ದರು.

ಗುರುವಾರ ಒಬ್ಬ ದರ್ಜಿ ಸುಮ್ಮನಿರಲಿಲ್ಲ. ಅವನ ಎಡಗಣ್ಣು ಮಂಜು, ಆಪರೇಷನ್ ಆದ ಬಲಗಣ್ಣೇ ಅವನ ಅನ್ನ. ಸೂಜಿ ಪೋಣಿಸುವ ಆ ಕಣ್ಣಿಗೆ ಹನಿ ಬಿದ್ದು ಎಲ್ಲ ಮಸುಕಾದ ಮೇಲೆ ಎದ್ದು ನಿಂತು ಕೂಗಾಡಿದ. ಚೀಟಿಗಳನ್ನು ತೆಗೆಸಿ ನೋಡಿದರೆ ಮೂರೂವರೆ ದಿನದಲ್ಲಿ ಹನ್ನೊಂದು ಉಲ್ಟಾ. ಎಲ್ಲವೂ ಒಂದೇ ಕೌಂಟರಿನವು. ಹನ್ನೊಂದರ ಮೇಲೂ ಮೇಷ್ಟ್ರ ಹೆಂಡತಿಯ ಸಹಿ.

ಅವಳು ಅಂದು ಮಧ್ಯಾಹ್ನವೇ ಮನೆಗೆ ಬಂದಿದ್ದಳು. ಮೇಷ್ಟ್ರು ಬಂದಾಗ ಅತ್ತೆ ಬಾಗಿಲಲ್ಲೇ ತಡೆದು, "ಏನೂ ಕೇಳ್ಬೇಡಿ ಈಗ," ಎಂದರು. ಅವಳು ಊಟದ ಮೇಜಿನ ಮುಂದೆ ಕೂತಿದ್ದಳು. ಬರಿಯ ಮರದ ಮೇಲೆ ಬೆರಳಾಡಿಸುತ್ತಿದ್ದಳು. ಅಂಕಿ, ಟ್ಯಾಬು, ಅಂಕಿ. ಮತ್ತೆ ಅಂಕಿ, ಟ್ಯಾಬು, ಅಂಕಿ.

"ನಾನು ಸರಿಯಾಗೇ ಕೇಳ್ತೀನಿ ರೀ. ಸರಿಯಾಗೇ ಒತ್ತುತ್ತೀನಿ ಅಂತಲೂ ಅನ್ಸುತ್ತೆ. ಆದ್ರೂ ಚೀಟೀಲಿ ಎಡ ಬಲ ತಿರುಗಿದೆ. ಒಂದಲ್ಲ, ಹನ್ನೊಂದು." ಅವಳ ದನಿಯಲ್ಲಿ ಅಳು ಇರಲಿಲ್ಲ, ಹೆದರಿಕೆ ಇತ್ತು. "ಐವತ್ತಕ್ಕೇ ತಲೆ ಹೀಗಾಗುತ್ತಾ? ನಮ್ಮ ಸೋದರತ್ತೆಗೆ ಶುರುವಾದದ್ದೂ ಹೀಗೇ ಅಲ್ವಾ ಅಮ್ಮ, ಎಡಚಪ್ಪಲಿ ಬಲಕ್ಕೆ ಹಾಕ್ಕೊಂಡು?"

"ಬಿಡ್ತು ಅನ್ನು," ಎಂದರು ಅತ್ತೆ.

"ಸೋಮವಾರದಿಂದ ಫೈಲ್ ರೂಮಿಗೆ ಹೋಗು ಅಂದಿದ್ದಾರೆ ದೊಡ್ಡ ಡಾಕ್ಟ್ರು. ಒಳ್ಳೇ ಮಾತಲ್ಲೇ ಹೇಳಿದ್ರು. 'ಬಹಳ ವರ್ಷ ದುಡಿದಿದ್ದೀರಿ, ಸ್ವಲ್ಪ ವಿಶ್ರಾಂತಿ ಆಗಲಿ' ಅಂದ್ರು." ಫೈಲ್ ರೂಮೆಂದರೆ ನೆಲಮಾಳಿಗೆ, ಕಬ್ಬಿಣದ ಬೀರುಗಳ ಸಾಲು. ಅಲ್ಲಿ ಮುಖ ನೋಡಿ ಮಾತಾಡಲು ಯಾರೂ ಇಲ್ಲ.

ಮೇಷ್ಟ್ರು ಅವಳ ಎದುರು ಕೂತು ಬೆರಳುಗಳನ್ನು ನೋಡಿದರು. ಅವು ಹಳೆಯ ದಾರಿಯಲ್ಲೇ ನಡೆಯುತ್ತಿದ್ದವು, ಒಂದು ಹೆಜ್ಜೆಯೂ ತಪ್ಪದೆ. ಹೇಳಬೇಕು ಎಂದು ಬಾಯಿ ತೆರೆದರು. "ಪ್ರೋಗ್ರಾಮಿನಲ್ಲೇ ಏನಾದ್ರೂ ಇರಬಹುದು," ಎಂದಷ್ಟೇ ಬಂತು.

"ಅವರು ಮಾಡಿದ್ರಲ್ಲಿ ಇರಲ್ಲ," ಎಂದಳು ಹೆಂಡತಿ. "ಅಷ್ಟು ನೋಡ್ಕೊಂಡು ಮಾಡಿದ್ದಾರೆ."

ಆ ಒಂದು ಮಾತು ಇಲ್ಲದೆ ಹೋಗಿದ್ದರೆ ಮೇಷ್ಟ್ರು ಅಂದೇ ಹೇಳಿಬಿಡುತ್ತಿದ್ದರೇನೋ. ಬೆಂಕಿ ಮತ್ತೆ ಹೊತ್ತಿಕೊಂಡಿತು. ತನ್ನ ತಲೆ ಕೆಟ್ಟಿದೆಯೆಂದು ನಂಬುತ್ತಾಳಂತೆ, ಅವನ ಕೆಲಸ ಕೆಟ್ಟಿದೆಯೆಂದು ನಂಬಳಂತೆ. ಅವರು ಎದ್ದು ಕೈಕಾಲು ತೊಳೆಯಲು ಹೋದರು, ಬಹಳ ಹೊತ್ತು ನಲ್ಲಿಯ ಕೆಳಗೆ ಕೈ ಹಿಡಿದುಕೊಂಡು ನಿಂತರು.

ಶುಕ್ರವಾರ ಆಫೀಸಿನಲ್ಲಿ ಮಾಲೀಕರು ನಿರಾಳವಾಗಿದ್ದರು. ತಪ್ಪು ಕೌಂಟರಿನವರದೆಂದು ಆಸ್ಪತ್ರೆಯವರೇ ಹೇಳಿದ್ದಾರೆ, ಪ್ರೋಗ್ರಾಮಿನ ಬಗ್ಗೆ ಬಹಳ ಸಂತೋಷವಾಗಿದೆಯಂತೆ. ಹೇಳಿ ಮುಗಿಸಿದ ಮೇಲೆ ಆ ಕೌಂಟರು ಯಾರದೆಂದು ನೆನಪಾಗಿ ಮೇಷ್ಟ್ರ ಕಡೆ ನೋಡಿ ಕೆಮ್ಮಿದರು. ಹೊಸಬ ಮಾತ್ರ ಚಹಾ ಕೂಡ ಮುಟ್ಟದೆ ಪರದೆಗೆ ಮುಖ ಕೊಟ್ಟು ಕೂತಿದ್ದ. ಊಟದ ಹೊತ್ತಿಗೆ ಮೇಷ್ಟ್ರ ಮೇಜಿನ ಹತ್ತಿರ ಬಂದ. ಕಣ್ಣು ಕೆಂಪಾಗಿತ್ತು.

"ಸರ್, ಅಕ್ಕ ತಪ್ಪು ಮಾಡೋರಲ್ಲ. ಎರಡು ದಿನ ನೋಡಿದ್ದೀನಿ. ನನ್ನದೇ ಏನೋ ಇದೆ. ಪರದೆ ಹಿಂದೆ ಓಡೋ ಕೆಲಸಗಳು ಒಂದರ ಮೇಲೊಂದು ಬಿದ್ದು ಅಂಕಿ ಅದಲುಬದಲು ಆಗ್ತಿದೆಯೇನೋ ಅಂತ ನಿನ್ನೆಯಿಂದ ಹುಡುಕ್ತಿದ್ದೀನಿ. ಸಿಗ್ತಿಲ್ಲ. ನಿಮಗೆ ಏನಾದ್ರೂ ಹೊಳೆಯುತ್ತಾ?"

ಅವನು ಬೈಯಲಿಲ್ಲ, ಅನುಮಾನಪಡಲಿಲ್ಲ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಇವನು ನೆಲ ಡೊಂಕಾಗಿದ್ದರೂ ತನ್ನ ಕಾಲನ್ನೇ ನೋಡಿಕೊಳ್ಳುತ್ತಿದ್ದ. ಇಂಥವನನ್ನು ದ್ವೇಷಿಸುವುದು ಎಷ್ಟು ಕಷ್ಟದ ಕೆಲಸ ಎಂದು ಮೇಷ್ಟ್ರಿಗೆ ಸಿಟ್ಟೇ ಬಂತು. ಹನ್ನೊಂದು ವರ್ಷದ ಹಿಂದೆ ತಾವು ಹೇಳಿದ್ದ ಮಾತು, ನೀನ್ಯಾಕೆ ಎರಡು ಸಲ ಒತ್ತುತ್ತೀಯ ಎಂಬುದು, ಆ ಸಿಟ್ಟಿನ ನಡುವೆಯೇ ಕಿವಿಯಲ್ಲಿ ಕೇಳಿತು.

"ಕೂತ್ಕೊಳ್ಳಿ," ಎಂದರು. ಹದಿನೇಳನೆಯದನ್ನು ತೆರೆದು ಟ್ಯಾಬಿನ ಕ್ರಮ ತೋರಿಸಿದರು. ಆಮೇಲೆ ತಮ್ಮ ಹಳೆಯ ಪರದೆ ತೆರೆದು ತೋರಿಸಿದರು. ಹೊಸಬನಿಗೆ ಬಿಡಿಸಿ ಹೇಳಬೇಕಾಗಲಿಲ್ಲ. ಬಾಯಿ ಸ್ವಲ್ಪ ತೆರೆದುಕೊಂಡಿತು.

"ಅಯ್ಯೋ. ಅಕ್ಕ ಕೇಳ್ತಿದ್ದದ್ದೇ ಆ ಕ್ರಮದಲ್ಲಿ. ನಾನು ಕೇಳಿಸ್ಕೊಂಡೂ ಗಮನಿಸಲಿಲ್ಲ." ಸ್ವಲ್ಪ ತಡೆದು, "ಒಳ್ಳೇದಾಯ್ತು ಸರ್, ಈಗಲಾದ್ರೂ ನಿಮಗೆ ಕಾಣಿಸ್ತು," ಎಂದ.

ಇಲ್ಲಿಗೆ ಬಾಯಿ ಮುಚ್ಚಿಕೊಂಡರೆ ಎಲ್ಲ ಸಲೀಸು. ತಪ್ಪು ಹಿಡಿದ ಕೀರ್ತಿಯೂ ತಮಗೇ. ಮೇಷ್ಟ್ರು ಕೆಳಗಿನ ಸಹಿಯ ಮೇಲೆ ಬೆರಳಿಟ್ಟರು. "ಈಗ ಕಂಡದ್ದಲ್ಲ. ಈ ಸಹಿ ಹಾಕೋವಾಗಲೇ ಗೊತ್ತಿತ್ತು."

ಕೆಳಗಿನ ಅಂಗಡಿಯಲ್ಲಿ ಕನ್ನಡಿಯ ಮೇಲೆ ವಜ್ರದ ಮೊನೆ ಎಳೆಯುವ ಸದ್ದು ಬಂತು. ಯಾಕೆ ಎಂದು ಹೊಸಬ ಕೇಳಲಿಲ್ಲ. ಕೇಳಿದ್ದರೆ ಮೇಷ್ಟ್ರಿಗೆ ಹಗುರವಾಗುತ್ತಿತ್ತು. "ಅಕ್ಕನಿಗೆ ಗೊತ್ತಾ?" ಎಂದಷ್ಟೇ ಕೇಳಿದ.

"ಇಲ್ಲ."

"ಹ್ಞೂಂ," ಎಂದ ಹೊಸಬ. ಈ ಸಲ 'ಆಮೇಲೆ' ಎನ್ನಲಿಲ್ಲ.

ಟ್ಯಾಬನ್ನು ಹಳೆಯ ಕ್ರಮಕ್ಕೇ ತಿರುಗಿಸುತ್ತೇನೆ ಎಂದು ಹೊಸಬ ಕೀಬೋರ್ಡಿಗೆ ಕೈ ಹಾಕಿದಾಗ ಮೇಷ್ಟ್ರು ತಡೆದರು. ತಾವೇ ಕೂತು ಆಪರೇಷನ್ ಆದ ಕಣ್ಣಿನ ಪೆಟ್ಟಿಗೆಯನ್ನು ಮೇಲಕ್ಕೆ, ತೊಂದರೆಯ ಕಣ್ಣಿನದನ್ನು ಅದರ ಕೆಳಕ್ಕೆ ಸರಿಸಿದರು. ಅವಳ ಬೆರಳು ನಡೆಯುವ ದಾರಿಗೆ ಪರದೆಯೇ ಬರಲಿ ಎಂದು. ನಾಲ್ಕು ನಿಮಿಷ ಹಿಡಿಯಿತು. ಹೊಸಬ ಪೂರ್ತಿ ನೋಡಿ, ಕೆಳಗೆ 'ನೋಡಿದ್ದೇನೆ' ಎಂದು ಬರೆದು, ಆಗಲೇ ಆಸ್ಪತ್ರೆಯ ಕಂಪ್ಯೂಟರಿಗೆ ಕಳಿಸಿದ.

ದೊಡ್ಡ ಡಾಕ್ಟರ ಕೋಣೆಯಲ್ಲಿ ಮೇಷ್ಟ್ರು ನಿಂತುಕೊಂಡೇ ಮಾತಾಡಿದರು. ತಪ್ಪು ಕೌಂಟರಿನವರದಲ್ಲ, ಪ್ರೋಗ್ರಾಮಿನದು, ನೋಡಿ ಬಿಟ್ಟವನು ನಾನು ಎಂದು ಕಾಗದದಲ್ಲಿ ಬರೆದುಕೊಟ್ಟರು. ಡಾಕ್ಟರು ಎರಡು ಸಲ ಓದಿ, ನಿಮ್ಮ ಮಾಲೀಕರ ಹತ್ತಿರ ಮಾತಾಡುತ್ತೇನೆ ಎಂದರು, ಫೈಲ್ ರೂಮಿನ ಮಾತು ಇನ್ನಿಲ್ಲ ಎಂದರು. ಅದು ಸುಲಭದ ಭಾಗ. ಕೌಂಟರು ಕೆಳಗಿನ ಅಂತಸ್ತಿನಲ್ಲಿತ್ತು. ಮೇಷ್ಟ್ರು ಮೆಟ್ಟಿಲಿಳಿದರು.

ಮಧ್ಯಾಹ್ನ ಮೂರು ಗಂಟೆ, ಜನ ಕಡಿಮೆ. ಸಾಲಿಗೆ ಹಾಕಿದ ಕುರ್ಚಿಗಳಲ್ಲಿ ಕಪ್ಪು ಕನ್ನಡಕದ ನಾಲ್ಕೈದು ಮಂದಿ ತಲೆ ಹಿಂದಕ್ಕೆ ಒರಗಿಸಿ ಕೂತಿದ್ದರು. ಹೆಂಡತಿ ಕೊನೆಯ ದಿನವೆಂದು ಮೇಜಿನ ಖಾನೆ ಖಾಲಿ ಮಾಡುತ್ತಿದ್ದಳು. ಗಂಡನನ್ನು ನೋಡಿ ಗಾಬರಿಯಾಗಿ, "ಅಮ್ಮನಿಗೆ ಏನಾದ್ರೂ?" ಎಂದಳು.

"ಇಲ್ಲ." ಹೊಸಬ ಅಂದು ಕೂತಿದ್ದ ಸ್ಟೂಲು ಅಲ್ಲೇ ಇತ್ತು. ಮೇಷ್ಟ್ರು ಅದರ ಮೇಲೆ ಕೂರಲಿಲ್ಲ. ಕೌಂಟರಿನ ಈಚೆ, ರೋಗಿಗಳು ನಿಲ್ಲುವ ಕಡೆಯೇ ನಿಂತು ಎಲ್ಲವನ್ನೂ ಹೇಳಿದರು, ಟ್ಯಾಬು, ಪೆಟ್ಟಿಗೆ, ಡಾಕ್ಟರ ಮಾತು. ಕೇಳುತ್ತ ಅವಳ ಹೆಗಲು ಇಳಿಯಿತು, ಮುಖಕ್ಕೆ ಕಳೆ ಬಂತು.

"ಹಾಗಾದ್ರೆ ನನ್ನ ತಲೆ ಸರಿ ಇದೆ."

"ಸರಿ ಇದೆ."

ಅವಳು ಅಂಗೈಗಳನ್ನು ತಿರುಗಿಸಿ ನೋಡಿಕೊಂಡು ಸಣ್ಣಗೆ ನಕ್ಕಳು. ಆ ನಗೆ ಅರ್ಧದಲ್ಲಿ ನಿಂತಿತು. "ಹೊರಗೆ ಬಿಡೋ ಮುಂಚೆ ನೋಡೋರು ನೀವೇ ಅಲ್ವಾ? ಸಹಿ ನಿಮ್ಮದೇ ಅಲ್ವಾ?"

"ಹ್ಞೂಂ."

"ಆಗ ಗೊತ್ತಾಗಲಿಲ್ವಾ?"

ಮೇಷ್ಟ್ರು ಕೌಂಟರಿನ ಅಂಚು ಹಿಡಿದುಕೊಂಡರು. "ಗೊತ್ತಾಗಿತ್ತು. ಅವನಿಗೆ ಅಷ್ಟೆಲ್ಲ ಹೇಳಿದ್ದೀಯಲ್ಲ ಅಂತ ಹೊಟ್ಟೆಕಿಚ್ಚು. ಅವನು ಬೈಸಿಕೊಳ್ಳಲಿ ಅಂತ ಸುಮ್ಮನಿದ್ದೆ."

"ನಿನ್ನೆ ನಾನು ಮೇಜಿನ ಮೇಲೆ ಬೆರಳಾಡಿಸ್ತಿದ್ದಾಗಲೂ?"

"ಆಗಲೂ."

ಅವಳು ಚೀಲಕ್ಕೆ ತುಂಬಿದ್ದನ್ನೆಲ್ಲ ಒಂದೊಂದಾಗಿ ತೆಗೆದು ಖಾನೆಗೆ ವಾಪಸು ಇಟ್ಟಳು, ಪೆನ್ನು, ಕನ್ನಡಕದ ಡಬ್ಬಿ, ಒಂದು ಸಣ್ಣ ಬಾಚಣಿಗೆ. ಖಾನೆ ಮುಚ್ಚಿ ನೆಟ್ಟಗೆ ಕೂತು ಕೀಬೋರ್ಡಿನ ಮೇಲೆ ಕೈಯಿಟ್ಟಳು. ಮೇಷ್ಟ್ರ ಮುಖವನ್ನೇ ನೋಡುತ್ತ, ಕೌಂಟರಿನ ದನಿಯಲ್ಲಿ, "ಹೆಸರು ಹೇಳಿ," ಎಂದಳು.

ಹೊಸ ಪರದೆ ಪರೀಕ್ಷೆ ಮಾಡುತ್ತಿದ್ದಾಳೆಂದು ಅವರು ತಿಳಿದರು. ಹೆಸರು ಹೇಳಿದರು, ವಯಸ್ಸು, ವಿಳಾಸ, ಫೋನು ಎಲ್ಲ ಹೇಳಿದರು. ಅವಳಿಗೆ ಗೊತ್ತಿಲ್ಲದ್ದು ಅದರಲ್ಲಿ ಒಂದೂ ಇರಲಿಲ್ಲ, ಆದರೂ ಪ್ರತಿಯೊಂದನ್ನೂ ಕೇಳಿ ಹೇಳಿಸಿಕೊಂಡಳು.

"ಆಪರೇಷನ್ ಆದ ಕಣ್ಣು?"

"ಆಗಿಲ್ಲ."

"ಇದು ಆಪರೇಷನ್ ಆದೋರ ಕೌಂಟರು. ಸುಳ್ಳಾದ್ರೂ ಒಂದು ಹೇಳಿ, ಅಭ್ಯಾಸ ಇದೆಯಲ್ಲ."

"ಬಲ," ಎಂದರು ಮೇಷ್ಟ್ರು.

ಬೆರಳು ಅಂಕಿ ಒತ್ತಿತು, ಟ್ಯಾಬ್ ಒತ್ತಿತು. "ಈಗ ತೊಂದರೆ ಇರೋದು?"

"ಎರಡೂ."

ಅವಳು ಮೂರು ಒತ್ತಿದಳು. ಉಳಿಸು ಎಂಬುದನ್ನು ಒಂದೇ ಸಲ ಒತ್ತಿದಳು. ಯಂತ್ರ ಚೀಟಿ ಹೊರಕ್ಕೆ ತಳ್ಳಿತು. ಅದನ್ನು ಹರಿದು ಓದಿದಳು, ಮೇಲಿನಿಂದ ಕೆಳಗಿನ ತನಕ, ಆಮೇಲೆ ಕೌಂಟರಿನ ಮೇಲೆ ಅವರತ್ತ ಸರಿಸಿದಳು. ಮೇಷ್ಟ್ರು ಅದನ್ನು ತೆಗೆದುಕೊಂಡರು. ಇನ್ನೇನಾದರೂ ಹೇಳುತ್ತಾಳೆಂದು ನಿಂತರು.

ಅವಳ ನೋಟ ಅವರ ಹೆಗಲಿನಾಚೆ ಹೋಗಿತ್ತು. ಕೋಲು ಹಿಡಿದ ಒಬ್ಬ ಮುದುಕಿ ಹಿಂದೆ ಬಂದು ನಿಂತಿದ್ದಳು.

"ಮುಂದಿನೋರು ಬನ್ನಿ," ಎಂದಳು. "ನಿಧಾನ ಅಜ್ಜಿ, ಮೆಟ್ಟಿಲಿದೆ."

ಮೇಷ್ಟ್ರು ಪಕ್ಕಕ್ಕೆ ಸರಿದರು. ಕಪ್ಪು ಕನ್ನಡಕದವರ ಸಾಲಿನಲ್ಲಿ ಕೊನೆಯ ಕುರ್ಚಿ ಖಾಲಿ ಇತ್ತು. ಚೀಟಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಅಲ್ಲಿ ಹೋಗಿ ಕೂತರು, ಅದರ ಮೇಲಿದ್ದ ತಮ್ಮ ನಂಬರನ್ನು ಯಾರೂ ಕರೆಯುವುದಿಲ್ಲ ಎಂದು ಗೊತ್ತಿದ್ದೂ.